ಬಾವಿಗೆ ಬಿಟ್ಟ ಮೀನು

ಕರಾವಳಿಯಿಂದ ವರ್ಗವಾಗಿ ಬಂದ ನನ್ನ ಸಹೋದ್ಯೋಗಿಯೊಬ್ಬರು ತುಮಕೂರಿನ ಸದಾಶಿವನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ಸಮುದ್ರ ಮೊದಲಿನಂತಿಲ್ಲ, ಬೂತಾಯಿ ಮೀನು ಬರುವ ಕಾಲಕ್ಕೆ ಬರುವುದಿಲ್ಲ, ಹೆಸರೇ ಗೊತ್ತಿಲ್ಲದ ಮೀನು ಬಲೆಗೆ ಬೀಳುತ್ತವೆ ಎಂದು ಗೇಟಿನ ಹತ್ತಿರ ನಿಂತು ಹೇಳಿಕೊಳ್ಳುತ್ತಿದ್ದರು. ಕೊನೆಗೆ, ಬಿಡಿ, ತುಮಕೂರಿನವರಿಗೆ ಮೀನಿನ ಕಷ್ಟ ಏನು ಗೊತ್ತಾಗುತ್ತೆ ಎಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಮುದ್ರ ಇಲ್ಲದವರಿಗೆ ಕೆರೆಯೂ ಇಲ್ಲವೇ? ಬಾವಿಯೊಳಗಿನ ಮೀನಿಗಾಗಿ ನಮ್ಮವ್ವ ಇಡೀ ಮನೆಯನ್ನು ಎದುರು ಹಾಕಿಕೊಂಡಿದ್ದು ಇವರಿಗೇನು ಗೊತ್ತು!

ನಮ್ಮೂರು ಗುಬ್ಬಿ ತಾಲ್ಲೂಕು, ಹಾಗಲವಾಡಿ ಕಡೆ. ಊರ ಕೆರೆಯಲ್ಲಿ ಬೆರಳುದ್ದದ ಗಿರ್ಲು, ಚಪ್ಪಟೆ ಪಕ್ಕೆ, ಕೊರವ, ಮೀಸೆಯ ಮುರುಗೋಡು ಎಂಬ ಮೀನೆಲ್ಲ ಇದ್ದವು. ಯಾರೂ ತಂದು ಬಿಟ್ಟವಲ್ಲ. ಕೆರೆ ಕೋಡಿ ಬಿದ್ದರೆ ಹೆಂಗಸರು ಹಳೇ ಸೀರೆ ಹಿಡಿದು ನಿಂತು ಸಾರಿಗಾಗುವಷ್ಟು ಹಿಡಿಯುತ್ತಿದ್ದರು. ಬಾವಿ ಇದ್ದವರು ಅದರಲ್ಲಿ ನಾಲ್ಕು ಮೀನನ್ನು ತಮ್ಮ ಬಾವಿಗೆ ಬಿಡುತ್ತಿದ್ದರು. ಸೊಳ್ಳೆ ಹುಳ ತಿಂದು ನೀರನ್ನು ಚೊಕ್ಕಟವಾಗಿಡುತ್ತವೆ ಎಂದು. ಬಾವಿಯ ಮೀನು ಹಿಡಿದು ತಿನ್ನುವಂತಿಲ್ಲ, ಅದು ಕಟ್ಟುನಿಟ್ಟು. ನಮ್ಮ ತೆಂಗಿನ ತೋಟದ ಮೆಟ್ಟಿಲು ಬಾವಿಗೆ ಅವ್ವ ದಿನಾ ಮುದ್ದೆ ಚೂರು ಹಾಕಿ, ಕೊರವ ಮೇಲೆ ಬರುವವರೆಗೂ ಕಾದು ನಿಲ್ಲುತ್ತಿದ್ದಳು. ಅಷ್ಟು ಹೊತ್ತು ನಮ್ಮನ್ನು ಕಾದು ನಿಂತಿದ್ದು ನನಗಂತೂ ನೆನಪಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ಕೆರೆ ಹರಾಜು ಹಿಡಿದ ಒಬ್ಬ ಹೊರಗಿನ ಆಸಾಮಿ ಕೆರೆಯಂಗಳದ ಅಂಚಿನಲ್ಲಿ ಹೊಂಡ ತೋಡಿಸಿ ಕ್ಯಾಟ್‌ಫಿಶ್ ಸಾಕಿದ. ಕೋಳಿ ಅಂಗಡಿಯ ಕಸ ತಂದು ಸುರಿಯುತ್ತಿದ್ದ, ಅವು ತೊಡೆಗಾತ್ರ ಬೆಳೆಯುತ್ತಿದ್ದವು. ಊರ ಗಂಡಸರು ಬಾಯಿ ಬಿಟ್ಟುಕೊಂಡು ನೋಡಿದ್ದೇ ನೋಡಿದ್ದು. ಮುಂದಿನ ಮಳೆಗೆ ಹೊಂಡ ತುಂಬಿ ಚೆಲ್ಲಿತು, ಮೀನು ಕೆರೆ ಸೇರಿದವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸೀರೆ ಹಿಡಿದರೆ ಗಿರ್ಲು ಬರಲಿಲ್ಲ, ಪಕ್ಕೆ ಬರಲಿಲ್ಲ, ಕಪ್ಪೆಮರಿ ಕೂಡ ಇಲ್ಲ. ದೊಡ್ಡ ಮೀನು ಸಿಗುತ್ತಲ್ಲ, ಇನ್ನೇನು ಬೇಕು ಎಂದರು ಗಂಡಸರು. ಕೊರವವೂ ಸಣ್ಣ ಮೀನು ತಿನ್ನುವುದಿಲ್ಲವೇ ಎಂದು ಚಿಕ್ಕಪ್ಪ ವಾದ ಹೂಡಿದ. ತಿನ್ನುತ್ತೆ, ಆದರೆ ಬೀಜಕ್ಕೆ ಉಳಿಸುತ್ತೆ, ಇದು ಉಳಿಸುವ ಜಾತಿಯಲ್ಲ ಎಂದಳು ಅವ್ವ.

ಅವತ್ತಿನಿಂದ ಅವಳಿಗೆ ಒಂದೇ ಹಟ. ಊರಿನ ಬೇರೆ ಬಾವಿಗಳು ಆಗಲೇ ಬತ್ತಿಯೋ ಮುಚ್ಚಿಯೋ ಹೋಗಿದ್ದವು, ಕೆರೆಯ ಮೀನು ಇನ್ನು ಉಳಿದಿರುವುದು ನಮ್ಮ ಬಾವಿಯಲ್ಲಿ ಮಾತ್ರ. ಅದನ್ನು ಕಾಪಾಡಿದರೆ ಯಾವತ್ತಾದರೂ ಕೆರೆಗೆ ವಾಪಸ್ ಬಿಡಬಹುದು. ಚಿಕ್ಕಪ್ಪನದು ಬೇರೆ ಲೆಕ್ಕಾಚಾರ. ಬೋರ್‌ವೆಲ್ ಬಂದ ಮೇಲೆ ಬಾವಿಯ ಕೆಲಸವೇನು, ಮುಚ್ಚಿದರೆ ಟ್ರ್ಯಾಕ್ಟರ್ ತಿರುಗಿಸಲು ಜಾಗವಾಗುತ್ತೆ ಎನ್ನುತ್ತಿದ್ದ. ಮೀನು ಇರುವವರೆಗೆ ಬಾವಿಗೆ ಕೈ ಹಚ್ಚಬೇಡ ಎಂದು ಅವ್ವ ಹೇಳಿಬಿಟ್ಟಿದ್ದಳು. ಅಪ್ಪ ಯಾವ ಕಡೆಗೂ ಇಲ್ಲ, ಎಲೆಅಡಿಕೆ ಹಾಕಿಕೊಂಡು ಕೂತಿದ್ದ.

ಬಾವಿಯಲ್ಲಿ ಇಲ್ಲದಿದ್ದದ್ದು ಮುರುಗೋಡು ಒಂದೇ. ಅದಕ್ಕಾಗಿ ಅವ್ವ ತಿಂಗಳುಗಟ್ಟಲೆ ಹುಡುಕಿದಳು. ಒಂದು ದಿನ ಕಾಲುವೆಯ ಕೆಸರಿನಲ್ಲಿ ಗೇಣುದ್ದದ್ದು ಒಂದು ಸಿಕ್ಕಿತು. ಅದೇ ಮೀಸೆ, ಅದೇ ಚಪ್ಪಟೆ ತಲೆ, ಅದೇ ಜಾರುವ ಕಪ್ಪು ಮೈ. ಅವಳ ಖುಷಿ ನೋಡಬೇಕಿತ್ತು! ಸೆರಗಿನಲ್ಲಿ ಸುತ್ತಿ ಓಡಿಬಂದು ತನ್ನ ಕೈಯಾರೆ ಬಾವಿಗೆ ಬಿಟ್ಟಳು.

ಕ್ಯಾಟ್‌ಫಿಶ್ ಮರಿ ಥೇಟ್ ಮುರುಗೋಡಿನ ಹಾಗೇ ಇರುತ್ತೆ ಎಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ಬೇಸಿಗೆ ಬರುವಷ್ಟರಲ್ಲಿ ಗಿರ್ಲಿನ ಹಿಂಡು ಕಾಣಲಿಲ್ಲ. ಮುದ್ದೆ ಚೂರು ಹಾಕಿದರೆ ಕೊರವ ಬರಲಿಲ್ಲ. ಅಗಲ ಬಾಯಿಯೊಂದು ಬಂದು ನುಂಗಿ ಹೋಯಿತು. ನೀರಿನ ಮೇಲೆ ಸೊಳ್ಳೆ ಹುಳ ಕುಣಿಯುತ್ತಿದ್ದವು. ಅವ್ವ ಆವತ್ತು ಊಟ ಮಾಡಲಿಲ್ಲ, ಯಾರನ್ನೂ ಬೈಯಲೂ ಇಲ್ಲ. ಅದನ್ನು ಕಂಡು ನನಗೆ ಹೆದರಿಕೆಯಾಯಿತು. ಮಾರನೇ ದಿನ ಮೋಟಾರ್ ಇಡಿಸಿ ಬಾವಿ ಖಾಲಿ ಮಾಡಿಸಿದಳು. ತಳದ ಕೆಸರಿನಲ್ಲಿ ತೋಳುದ್ದದ ಕ್ಯಾಟ್‌ಫಿಶ್ ಒಂದೇ ಹೊರಳಾಡುತ್ತಿತ್ತು. ಕಲ್ಲಿನ ಸಂದಿ ಸಂದಿಗೂ ಕೈ ಹಾಕಿ ನೋಡಿದಳು. ಇನ್ನೊಂದು ಜೀವ ಇರಲಿಲ್ಲ.

ಸಾರು ಮಾಡಿ ಎಂದ ಚಿಕ್ಕಪ್ಪ. ಅವಳು ಅದನ್ನು ತೆಂಗಿನ ಬುಡಕ್ಕೆ ಹೂತಳು. ಸರಿ, ಮೀನೂ ಮುಗಿಯಿತು, ನಾಳೆ ಮಣ್ಣು ಹೊಡೆಸುತ್ತೇನೆ ಎಂದ ಅವನು. ಅವ್ವ ಕೈಕಾಲು ತೊಳೆದುಕೊಂಡು, ನನ್ನನ್ನು ಕರೆದುಕೊಂಡು, ಒಂದು ಸ್ಟೀಲ್ ಬಿಂದಿಗೆ ಹಿಡಿದು ಬಸ್ ಹತ್ತಿದಳು.

ಅವಳ ತವರು ಕುಣಿಗಲ್ ಹತ್ತಿರ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಮನೆಮಗಳು ಯಾಕೆ ಬಂದಳೋ ಎಂದು ಮಾವನಿಗೆ ಗಾಬರಿ. ಮಾರನೇ ಬೆಳಿಗ್ಗೆ ಹೊರಡುವಾಗ ಮಡಿಲು ತುಂಬಲು ಅತ್ತೆ ಅಕ್ಕಿ, ಬೆಲ್ಲ, ಕೊಬ್ಬರಿ ತಂದರೆ ಅವ್ವ ಸೆರಗು ಒಡ್ಡಲಿಲ್ಲ. ಈ ಸಲ ಮಡಿಲಿಗೆ ನಿಮ್ಮ ಬಾವಿಯ ಮೀನು ಹಾಕಿ ಎಂದಳು. ಹುಚ್ಚು ಹಿಡಿದಿದೆಯಾ ಎಂದು ಅತ್ತೆ ನಕ್ಕರು. ಮಾವ ನಗಲಿಲ್ಲ, ಪಂಚೆ ಎತ್ತಿ ಕಟ್ಟಿ ಬಾವಿಗಿಳಿದರು. ಗಿರ್ಲು, ಪಕ್ಕೆ, ಎರಡು ಕೊರವದ ಮರಿ ಸಿಕ್ಕವು. ಅವ್ವ ಒಂದೊಂದನ್ನೂ ಬಿಳಿ ತಟ್ಟೆಗೆ ಹಾಕಿ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಬಿಂದಿಗೆಗೆ ಹಾಕಿದಳು. ಬಸ್ಸಿನಲ್ಲಿ ಕಂಡಕ್ಟರ್ ಬಿಂದಿಗೆ ಕೆಳಗಿಡಿ ಎಂದು ಗದರಿದ. ಮಡಿಲು ತುಂಬಿಸಿಕೊಂಡದ್ದನ್ನು ಕೆಳಗಿಡೋ ಪದ್ಧತಿ ನಮ್ಮಲ್ಲಿಲ್ಲ ಎಂದು ಅವನ ಬಾಯಿ ಮುಚ್ಚಿಸಿದಳು.

ತೋಟಕ್ಕೆ ಬಂದರೆ ಮಣ್ಣು ತುಂಬಿದ ಟ್ರ್ಯಾಕ್ಟರ್ ಹಿಮ್ಮುಖವಾಗಿ ಬಾವಿಯ ಬಾಯಿಗೆ ಬರುತ್ತಿತ್ತು. ಚಿಕ್ಕಪ್ಪ ಕೈಸನ್ನೆ ಮಾಡುತ್ತಿದ್ದ. ಅವ್ವ ಪಕ್ಕದಿಂದಲೇ ಮೆಟ್ಟಿಲಿಳಿದಳು. ಸೆಲೆಯಿಂದ ನೀರು ಮೊಣಕಾಲುದ್ದ ಜಿನುಗಿ ನಿಂತಿತ್ತು. ಬಿಂದಿಗೆಯನ್ನು ಮೆಲ್ಲಗೆ ಓರೆ ಮಾಡಿ ಮೀನು ಬಿಟ್ಟು, ಕೊನೆಯ ಮೆಟ್ಟಿಲ ಮೇಲೆ ಕೂತಳು.

ಚಿಕ್ಕಪ್ಪ ಮೇಲಿನಿಂದ ಬಗ್ಗಿ ನೋಡಿದ. “ಅತ್ಗೆ, ಹೋದ್ಸಲಾನೂ ನಮ್ದೇ ಮೀನು ಅಂತ ಬುಟ್ರಿ. ಇದೂ ಅದೇ ಜಾತಿ ಅಲ್ಲ ಅಂತ ಏನ್ ಗ್ಯಾರಂಟಿ?”

“ಗ್ಯಾರಂಟಿ ಇಲ್ಲ ಕಣಪ್ಪ,” ಎಂದಳು ಅವ್ವ. “ಆದ್ರೆ ಮತ್ತೆ ನೀರೆತ್ತುಸ್ತೀನಿ, ಮತ್ತೆ ತರ್ತೀನಿ. ಮಣ್ಣು ಸುರೀಬೇಕು ಅಂದ್ರೆ ಸುರಿ, ನಾನಿಲ್ಲೇ ಕೂತಿರ್ತೀನಿ.”

ಚಿಕ್ಕಪ್ಪ ಬಾಯಿಗೆ ಬಂದಂತೆ ಬೈದ. ತೆಂಗಿನ ಬುಡದಲ್ಲಿ ಕೂತಿದ್ದ ಅಪ್ಪ ಎಲೆಅಡಿಕೆ ಉಗಿದು ಎದ್ದುಬಂದು, ಅವ್ವನ ಪಕ್ಕದಲ್ಲಿ ಹೋಗಿ ಕೂತ. ಡ್ರೈವರ್ ಟ್ರ್ಯಾಕ್ಟರ್ ಮುಂದಕ್ಕೆ ತೆಗೆದ.