ಕಾಲಡಿಯ ಸಾದಾ ಪೆಡಲ್

ಶಹಾಪುರದಲ್ಲಿ ನಾನು ಕೆಲಸ ಮಾಡುವ ಮೈಕ್‌ಸೆಟ್ ಅಂಗಡಿಗೆ ಒಮ್ಮೆ ಸುರಪುರದ ಆರ್ಕೆಸ್ಟ್ರಾದ ಗಿಟಾರಿನವನೊಬ್ಬ ಬಂದ. ಗಿಟಾರಿನ ದನಿ ಬದಲಿಸುವ ಪೆಡಲ್ ಬೇಕಂತೆ. ಕಣ್ಣೆಲ್ಲ ಕಪಾಟಿನಲ್ಲಿದ್ದ ದುಬಾರಿ ಫಾರಿನ್ ಪೆಡಲ್ ಮೇಲೆ.

"ಅದನ್ನ ಕೊಡ್ರಿ ಅಕ್ಕಾ. 'ನಿನ್ನ ಗಿಟಾರ್ ಯಾರಿಗೂ ಕೇಳ್ಸಂಗಿಲ್ಲ, ತೆಗದು ಹಾಕ್ತೀನಿ' ಅಂದಾರ ನಮ್ಮ ಹಾಡೋ ಮಾಸ್ತರ್."

ಒಂದು ಸೀಸನ್ನಿನ ಮದುವೆಗಳ ದುಡಿಮೆಯೆಲ್ಲ ಅದಕ್ಕೇ ಹೋಗುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಮದುವ್ಯಾಗ ನಿಮ್ಮ ಗಿಟಾರ್ ಕೇಳೋದು ಹಾರ್ನ್ ಸ್ಪೀಕರಿನಾಗ ಹೌದಿಲ್ರಿ? ಪೆಡಲ್ ಕಾಣದಂಗ ಆ ಕಡಿ ಮುಖ ಮಾಡಿ ನುಡಸ್ರಿ."

ಅಂಗಡಿಯಲ್ಲೇ ಆಡುತ್ತಿದ್ದ ನನ್ನ ಪುಟ್ಟ ಮಗಳನ್ನು ಸೊಂಟಕ್ಕೇರಿಸಿಕೊಂಡು, ಅಂಗಡಿಯ ಹಾರ್ನಿಗೆ ಆ ಫಾರಿನ್ ಪೆಡಲನ್ನೂ ಇನ್ನೊಂದನ್ನೂ ಜೋಡಿಸಿ, ಒಂದಾದ ಮೇಲೊಂದನ್ನು ಕಾಲಿನಿಂದ ಒತ್ತಿದೆ.

ಎರಡನೆಯದಕ್ಕೆ ಅವನು ಕುಣಿದುಬಿಟ್ಟ. "ಇದು ನೋಡ್ರಿ ಫಾರಿನ್ ಮಾಲು!"

ಅವನು ತಿರುಗಿ ನೋಡಿದಾಗ ನನ್ನ ಕಾಲಡಿ ಇದ್ದದ್ದು ಅಗ್ಗದ ಸಾದಾ ಪೆಡಲ್ ಡಬ್ಬಿ. ಅವನ ಮುಖ ಸಣ್ಣದಾಯಿತು.

"ನಾಚಬ್ಯಾಡ್ರಿ. ಹಾರ್ನಿನಾಗ ಎರಡೂ ಒಂದೇ ಥರ ಕೇಳ್ತಾವ. ದನಿ ಮುಂದ ಬರಬೇಕಂದ್ರ ಈ ಗುಂಡಿ ತುಸು ತಿರುವ್ರಿ, ಸಾಕು."

ಸಾದಾ ಡಬ್ಬಿಯನ್ನೇ ಒಯ್ದ. ಮುಂದಿನ ವಾರ ಅವನ ಮಾಸ್ತರರೇ ಬಂದರು.

"ಏನ್ ಕೊಟ್ಟಿಯವ್ವಾ ಅವನಿಗಿ? ಈಗ ನನ್ನ ಹಾಡೇ ಯಾರಿಗೂ ಕೇಳ್ಸಂಗಿಲ್ಲ!"

ಗಂಟಲಿಗೆ ಹಚ್ಚುವ ಗುಂಡಿ ನಮ್ಮ ಅಂಗಡಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದೆ.