ಮಣ್ಣಿಲ್ಲದ ಜಲ್ಲಿ

ಶಿವನಸಮುದ್ರದ ಕಡೆಗೆ ಹೋಗುವ ಡಾಂಬರು ರಸ್ತೆಯಿಂದ ಬೆಳಕವಾಡಿಯ ನಮ್ಮ ತೋಟದ ಮನೆಗೆ ಇನ್ನೂರು ಹೆಜ್ಜೆ. ಒಂದು ಬದಿ ಭತ್ತದ ಗದ್ದೆ, ಇನ್ನೊಂದು ಬದಿ ಕಬ್ಬು. ಬೇಸಿಗೆಯಲ್ಲಿ ಅದು ದಾರಿ; ನಾಲೆಗೆ ನೀರು ಬಿಟ್ಟ ಮೇಲೆ ಅದು ಬರೀ ಕೆಸರು.

ನಾನು ಮಂಡ್ಯದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಭಾನುವಾರಗಳಂದು ತೋಟದ ಮನೆಯ ಜಗಲಿಯಲ್ಲಿ, ಅರ್ಧಕ್ಕೆ ಶಾಲೆ ಬಿಟ್ಟ ಹೆಂಗಸರಿಗೆ ಹತ್ತನೆಯ ತರಗತಿಯ ಪಾಠ ನಡೆಸುತ್ತಿದ್ದೆ. ಊರೊಳಗೆ ನಡೆಸಿದರೆ ಗಂಡಸರು ಕಿಟಕಿಯಲ್ಲಿ ನಿಂತು ನಗುತ್ತಾರೆಂದು ಆ ಜಾಗವನ್ನು ಅವರೇ ಆರಿಸಿದ್ದರು. ಆರು ಮಂದಿಯಲ್ಲಿ ಒಬ್ಬಾಕೆ ರವಿಕೆ ಹೊಲಿಯುವವಳು. ಚಿಕ್ಕಂದಿನಲ್ಲೇ ಪೋಲಿಯೊ ಎರಡೂ ಕಾಲುಗಳ ಶಕ್ತಿಯನ್ನು ಕಸಿದಿತ್ತು. ಹಿಂದೆ ಎರಡು ಗಾಲಿ ಕೂಡಿಸಿದ ಸ್ಕೂಟರಿನಲ್ಲಿ ಬರುತ್ತಿದ್ದಳು. ಗಣಿತ ಬಿಟ್ಟು ಉಳಿದೆಲ್ಲವನ್ನೂ ಮನೆಯಲ್ಲೇ ಓದಿಕೊಳ್ಳಬಲ್ಲವಳಾಗಿದ್ದಳು. ಗಣಿತಕ್ಕೆ ಮಾತ್ರ ಜಗಲಿಗೆ ಬರಲೇಬೇಕಿತ್ತು.

ಮಳೆ ಹಿಡಿದ ಮೊದಲ ಭಾನುವಾರ ಅವಳ ಗಾಡಿ ದಾರಿಯ ಬಾಯಲ್ಲೇ ಹೂತುಕೊಂಡಿತು. ಉಳಿದವರು ಓಡಿಹೋಗಿ, "ಬಾರಕ್ಕ, ನಾವೆಲ್ಲ ಸೇರ್ಕಂಡು ಎತ್ಕಂಡ್ ಓಯ್ತೀವಿ" ಎಂದರು.

"ಎತ್ಕಂಡ್ ಓಗಕ್ಕೆ ನಾನೇನ್ ಭತ್ತದ ಮೂಟೆನಾ? ಗಾಡಿ ತಳ್ಳಿ ಸಾಕು, ಮನೆಗ್ ಓಯ್ತೀನಿ" ಎಂದಳು. ಹೋದಳು. ಮುಂದಿನ ಎರಡು ಭಾನುವಾರವೂ ಬರಲಿಲ್ಲ. ಪರೀಕ್ಷೆ ಆ ವರ್ಷವೇ ಬರೆಯಬೇಕೆಂಬುದು ಅವಳ ಹಟ.

ದಾರಿಗೆ ಜಲ್ಲಿ ಹಾಕಿಸಲು ನಿಶ್ಚಯಿಸಿದೆ. ಮಳವಳ್ಳಿಯ ಸಾಬರೊಬ್ಬರು ತೋಟದ ಮನೆಗಳ ದಾರಿ ಮಾಡುವುದರಲ್ಲಿ ಹೆಸರಾದ ಮೇಸ್ತ್ರಿ ಎಂದು ತಿಳಿದು ಅವರನ್ನು ಕರೆಸಿದೆ. ಅವರು ದಾರಿಯನ್ನು ಎರಡು ಸಲ ನಡೆದು, ನಾಲ್ಕು ಟಿಪ್ಪರ್ ಜಲ್ಲಿ, ಎರಡು ಟಿಪ್ಪರ್ ಗರಸು ಮಣ್ಣು ಬೇಕೆಂದರು. ಗರಸು ಎಂದರೆ ಸಣ್ಣ ಕಲ್ಲಿನ ನುಚ್ಚು ಬೆರೆತ ಕೆಂಪು ಮಣ್ಣು.

ಮಣ್ಣು ಎಂಬ ಮಾತು ಕೇಳಿದೊಡನೆ ನಾನು ಎಚ್ಚರಗೊಂಡೆ. ರಸ್ತೆ ಕಾಮಗಾರಿಯಲ್ಲಿ ಕಲ್ಲಿಗೆ ಮಣ್ಣು ಬೆರೆಸುವ ಗುತ್ತಿಗೆದಾರರ ವಿರುದ್ಧ ನಾನು ಅರ್ಜಿಗಳನ್ನು ಬರೆದವನು. ಸಭೆಗಳಲ್ಲಿ ಎದ್ದು ನಿಂತು ಕೇಳಿದವನು. ನನ್ನ ಮನೆಯ ದಾರಿಯಲ್ಲೇ ಕಲಬೆರಕೆಗೆ ಒಪ್ಪಿದರೆ ಆ ಮಾತುಗಳಿಗೆ ಬೆಲೆಯೇನು?

"ಮಣ್ಣು ಬೇಡ. ಪೂರ್ತಿ ಜಲ್ಲಿಯೇ ಇರಲಿ" ಎಂದೆ.

"ಬರೀ ಕಲ್ಲು ನಿಲ್ಲಕಿಲ್ಲ ಸಾ. ಕಡ್ಲೆಮಿಠಾಯಿ ತಿಂದಿದ್ದೀರಲ್ಲ? ಬೆಲ್ಲದ ಪಾಕ ಉಯ್ಯದೆ ಕಡ್ಲೆಬೀಜ ಒಂದಕ್ಕೊಂದು ಅಂಟ್ಕತದಾ?"

"ಹೋಲಿಕೆ ಸಾಕ್ಷಿಯಲ್ಲ" ಎಂದೆ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಲ್ಲಿ ನನಗೆ ಪಾರಿತೋಷಕ ತಂದುಕೊಟ್ಟ ವಾಕ್ಯವದು. ಬಳಿಕ ಮೂರು ಅಂಶಗಳನ್ನು ಕ್ರಮವಾಗಿ ಮಂಡಿಸಿದೆ: ಮಣ್ಣು ನೀರಿನಲ್ಲಿ ಕರಗುತ್ತದೆ, ಕಲ್ಲು ಕರಗುವುದಿಲ್ಲ; ನಮ್ಮ ತೊಂದರೆಯೇ ಮಣ್ಣು; ತೊಂದರೆಯನ್ನೇ ಪರಿಹಾರವೆಂದು ಹಾಕುವುದು ತರ್ಕಕ್ಕೆ ವಿರುದ್ಧ. ಕೊನೆಗೆ ಅವರು, "ಮಾತಲ್ಲಿ ನಿಮ್ಮನ್ನ ಗೆಲ್ಲಕಾಯ್ತದಾ? ಅಂಗೇ ಆಗ್ಲಿ ಬುಡಿ" ಎಂದು ಟವೆಲ್ ಕೊಡವಿ ಎದ್ದರು. ಅದನ್ನು ನಾನು ಒಪ್ಪಿಗೆಯೆಂದು ತಿಳಿದೆ.

ದಾರಿ ನೋಡಲು ಸುಂದರವಾಗಿತ್ತು. ತೊಳೆದಂಥ ನೀಲಿ ಜಲ್ಲಿ, ದಾರ ಹಿಡಿದು ಕೊಯ್ದಂಥ ಅಂಚು. ಹೊಲಿಗೆಯವಳಿಗೆ ಹೇಳಿಕಳುಹಿಸಿದೆ. ಅವಳು ಭಾನುವಾರ ಬಂದಳು. ದಾರಿಗಿಳಿದು ಇಪ್ಪತ್ತು ಹೆಜ್ಜೆ ಬರುವಷ್ಟರಲ್ಲಿ ಮುಂದಿನ ಗಾಲಿ ಎಡಕ್ಕೆ ಜಾರಿತು. ಹಿಂದಿನ ಗಾಲಿಗಳು ಕಲ್ಲನ್ನು ಅತ್ತಿತ್ತ ಎಸೆದು ಅಲ್ಲೇ ಗುಳಿ ತೋಡಿಕೊಂಡವು. ಆಕ್ಸಿಲರೇಟರ್ ಕೊಟ್ಟಷ್ಟೂ ಗಾಡಿ ಇಳಿಯಿತು. ಕೆಸರಿನಲ್ಲಿಯೂ ಅವಳು ಅಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ.

ಗಾಡಿ ನಿಲ್ಲಿಸಿ, ಉಸಿರು ಹಿಡಿದುಕೊಂಡು ಹೇಳಿದಳು: "ಮೇಷ್ಟ್ರೇ, ನಿಮ್ ರಸ್ತೆ ನೋಡಕ್ ಸಂದಾಗ್ ಅದೆ. ಓಡಾಡಕ್ಕಲ್ಲ."

ಆ ದಿನವೂ ಗಾಡಿಯನ್ನು ಹಿಂದಕ್ಕೆ ತಳ್ಳಿ ರಸ್ತೆಗೆ ಸೇರಿಸಬೇಕಾಯಿತು. ತಳ್ಳಿದವರಲ್ಲಿ ನಾನೂ ಒಬ್ಬ. ಅವಳ ಚೀಲದಲ್ಲಿದ್ದ ಗಣಿತದ ಪುಸ್ತಕ ಹೊರಗೆ ಬರಲೇ ಇಲ್ಲ.

ಮರುದಿನ ಬಸ್ಸು ಹಿಡಿದು ಮಳವಳ್ಳಿಗೆ ಹೋದೆ. ಮೇಸ್ತ್ರಿ ತಮ್ಮ ಮನೆಯ ಮುಂದೆ ಟ್ರ್ಯಾಕ್ಟರಿನ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದರು. ಅಲ್ಲಿಂದಲೇ, "ಏನ್ ಸಾ, ಕಲ್ಲು ಕರಗ್ತಾ?" ಎಂದರು.

"ಇಲ್ಲ. ನಾನು ಹೇಳಿದ್ದು ತಪ್ಪು" ಎಂದೆ. ವೇದಿಕೆಯ ಮೇಲೆ ಎಂದೂ ಆಡದಿದ್ದ ಮಾತು. ಅವರು ನಗಲಿಲ್ಲ, ಸ್ಪ್ಯಾನರ್ ಕೆಳಗಿಟ್ಟು, "ಟೀ ಕುಡ್ದು ಓಗವ ಬನ್ನಿ" ಎಂದರು. ಟೀ ಕುಡಿಯುತ್ತ ಹೊಲಿಗೆಯವಳ ಗಾಡಿ ಜಲ್ಲಿಯಲ್ಲಿ ಹೂತದ್ದನ್ನು ಹೇಳಿದೆ.

ಎರಡನೆಯ ಸಲದ ಕೆಲಸವನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಜಲ್ಲಿಯನ್ನೆಲ್ಲ ಕೆದಕಿ ಸಡಿಲಿಸಿದರು. ಗರಸು ಹರಡಿ ನೀರು ಚಿಮುಕಿಸಿದರು. ಆಮೇಲೆ ಮೇಸ್ತ್ರಿ ಒಂದು ಹಿಡಿ ಎತ್ತಿ ಮುಷ್ಟಿಯಲ್ಲಿ ಒತ್ತಿ, ಬೆರಳು ಬಿಡಿಸಿದರು. ಉಂಡೆ ಒಡೆಯಿತು. ಇನ್ನಷ್ಟು ನೀರು. ಮತ್ತೆ ಒತ್ತಿದರು. ಈ ಸಲ ಉಂಡೆ ನಿಂತಿತು, ಅಂಗೈಗೆ ಕೆಸರು ಹತ್ತಲಿಲ್ಲ. "ಈಗ ರೋಲರ್ ಬುಡ್ಲಾ" ಎಂದು ಡ್ರೈವರಿಗೆ ಕೂಗಿದರು. ರೋಲರು ಅಂಚಿನಿಂದ ನಡುವಿನ ಕಡೆಗೆ ಬರುತ್ತ, ನಡುವನ್ನು ತುಸು ಎತ್ತರವಾಗಿ ಉಳಿಸಿತು. ಮಳೆಯ ನೀರು ಎರಡೂ ಬದಿಗೆ ಇಳಿದು ಹೋಗಲೆಂದು. ನನಗೆ ಸಮತಟ್ಟಾದ ದಾರಿಯೇ ಇಷ್ಟ. ಹೇಳಲಿಲ್ಲ.

ಕೊನೆಗೆ ಉಳಿದ ಗರಸು, ಜಲ್ಲಿಯನ್ನು ಅವರು ಜಗಲಿಯ ಮುಂದಿನ ಹುಣಸೆಮರದ ಸುತ್ತ ಅಗಲವಾಗಿ ಹರಡಿಸತೊಡಗಿದರು. ದಾರಿ ಜಗಲಿಗೇ ಮುಗಿಯುತ್ತದಲ್ಲ, ಇದು ವ್ಯರ್ಥವಲ್ಲವೇ ಎಂದು ಕೇಳಿದೆ.

"ಅದು ನಂಗೂ ಆ ಗಾಡಿ ಅಕ್ಕಂಗೂ ಗೊತ್ತು ಬುಡಿ ಸಾ. ಮೊನ್ನೆ ಅವ್ರ ಬೀದಿಗ್ ಓಗಿ ಕೇಳ್ಕಂಡ್ ಬಂದಿವ್ನಿ."

ಅವಳ ಮನೆ ಎಲ್ಲಿದೆಯೆಂದು ಅವರು ಯಾರನ್ನು ವಿಚಾರಿಸಿದರೋ ತಿಳಿಯದು. ಅವಳಿಗಾಗಿಯೇ ದಾರಿ ಮಾಡಿಸುತ್ತಿದ್ದ ನಾನು ಅವಳನ್ನು ಒಂದು ಮಾತೂ ಕೇಳಿರಲಿಲ್ಲವೆಂಬುದು ಆಗ ಹೊಳೆಯಿತು.

ನಾಲ್ಕು ದಿನ ದಾರಿಗೆ ನೀರುಣಿಸಿ, ಯಾವ ಗಾಡಿಯನ್ನೂ ಬಿಡದೆ ಕಾದೆವು. ಭಾನುವಾರ ಬೆಳಿಗ್ಗೆ ಸಣ್ಣ ಮಳೆಯಾಗಿ ನಿಂತಿತ್ತು. ಜಗಲಿಯಲ್ಲಿದ್ದ ಐವರೂ ಪುಸ್ತಕ ಮುಚ್ಚಿ ದಾರಿ ನೋಡುತ್ತಿದ್ದರು. ಹೊಲಿಗೆಯವಳ ಗಾಡಿ ಡಾಂಬರಿನಿಂದ ಇಳಿಯಿತು. ಇಪ್ಪತ್ತು ಹೆಜ್ಜೆ ದಾಟಿತು. ಐವತ್ತು. ಗಾಲಿಯಿಂದ ಒಂದು ಕಲ್ಲೂ ಸಿಡಿಯಲಿಲ್ಲ.

ಅವಳು ಜಗಲಿಯ ಮುಂದೆ ನಿಲ್ಲಿಸಲಿಲ್ಲ. ನಮ್ಮೆಲ್ಲರನ್ನೂ ದಾಟಿ ಮುಂದೆ ಹೋಗಿ, ಹುಣಸೆಮರವನ್ನು ಒಂದು ಸುತ್ತು ಬಳಸಿ, ರಸ್ತೆಯ ಕಡೆಗೆ ಮುಖಮಾಡಿ ನಿಲ್ಲಿಸಿದಳು. ಆ ಗಾಡಿಗೆ ಹಿಂದಕ್ಕೆ ಹೋಗುವ ಗೇರ್ ಇಲ್ಲ. ಸುತ್ತುವ ಜಾಗವಿಲ್ಲದಿದ್ದರೆ, ಮನೆಗೆ ಹೊರಡುವಾಗ ಪ್ರತಿ ಭಾನುವಾರವೂ ಯಾರಾದರೂ ಅವಳನ್ನು ತಳ್ಳಬೇಕಾಗುತ್ತಿತ್ತು.

ಊರುಗೋಲು ತೆಗೆದುಕೊಂಡು ತಾನೇ ಮೆಟ್ಟಿಲು ಹತ್ತಿ ಕುಳಿತಳು. "ನಾಕ್ ವಾರದ್ ಲೆಕ್ಕ ಬಾಕಿ ಅದೆ, ಸುರು ಮಾಡಿ ಮೇಷ್ಟ್ರೇ" ಎಂದಳು.

"ಎಲ್ಲಿಂದ ಶುರು ಮಾಡಲಿ?" ಎಂದು ಅವಳನ್ನೇ ಕೇಳಿದೆ.