ತಣ್ಣಗಿಟ್ಟ ರಕ್ತ

ಆಸ್ಪತ್ರೆಯಲ್ಲಿ ಅವಳಿಗೆ ‘ಕಿರಿಕ್ ಅಕ್ಕ’ ಎಂದೇ ಹೆಸರು. ರಕ್ತದೊಳಗೆ ಸೇರಿದ ಬ್ಯಾಕ್ಟೀರಿಯಾ ಪತ್ತೆ ಮಾಡುವುದು ಅವಳ ಕೆಲಸ. ರೋಗಿಯ ರಕ್ತ ಹಾಕಿದ ಬಾಟಲಿಯನ್ನು ಮೈಬಿಸಿಯಷ್ಟೇ ಬೆಚ್ಚಗಿರುವ ಯಂತ್ರದಲ್ಲಿಡಬೇಕು; ಒಳಗೆ ರೋಗಾಣು ಬೆಳೆದರೆ ಯಂತ್ರ ಕೂಗುತ್ತದೆ. ಯಾವ ರೋಗಾಣು ಎಂದು ಬೇಗ ತಿಳಿದರೆ ಸರಿಯಾದ ಔಷಧಿ, ತಡವಾದರೆ ಹೆಣ. ಅದಕ್ಕೇ ಅವಳು ವಾರ್ಡಿನವರ ಮೇಲೆ ದಿನಾ ಹರಿಹಾಯುತ್ತಿದ್ದಳು.

“ರೋಗಾಣು ಕೊಲ್ಲೋ ಇಂಜೆಕ್ಷನ್ ಕೊಟ್ಮೇಲೆ ರಕ್ತ ತೆಗೆದಿದ್ದೀರಲ್ಲ, ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕ್ದಂಗೆ!”

“ನಿಮ್ ಯಂತ್ರಕ್ಕಿಂತ ನಿಮ್ ಬಾಯೇ ಜೋರು ಬಿಡಕ್ಕ,” ಎನ್ನುತ್ತಿದ್ದಳು ನರ್ಸು.

ಅವಳ ತಮ್ಮ ಮೀನು ಸಾಗಿಸುವ ಐಸ್ ಗಾಡಿಯ ಡ್ರೈವರ್. ಅವನ ಬಾಣಂತಿ ಹೆಂಡತಿಗೆ ಒಂದು ಭಾನುವಾರ ಚಳಿಜ್ವರ ಏರಿತು. ನರ್ಸು ರಕ್ತ ತೆಗೆದು, ಬಾಟಲಿಯನ್ನು ಅವನ ಕೈಗಿಟ್ಟು ಲ್ಯಾಬಿಗೆ ಕಳಿಸಿದಳು. ಲ್ಯಾಬಿಗೆ ಬೀಗ. ಅಲ್ಲಿ ಅಕ್ಕ ಒಬ್ಬಳೇ; ಖಾಲಿ ಹುದ್ದೆ ತುಂಬಿ ಎಂದು ಊರಿನವರಾದ ನಾವು ಆಸ್ಪತ್ರೆಯ ಗೇಟಿನೆದುರು ಕೂಗಿದ್ದಕ್ಕೆ ಗಂಟಲು ಕಟ್ಟಿತೇ ಹೊರತು ಒಬ್ಬ ನರಪಿಳ್ಳೆಯೂ ಬರಲಿಲ್ಲ. ಅಕ್ಕನಿಗೆ ವಾರಕ್ಕೊಂದೇ ರಜೆ, ಫೋನ್ ಮಾಡಿ ಯಾಕೆ ಕಾಡಲಿ ಎಂದುಕೊಂಡ ತಮ್ಮ, ತನಗೆ ಗೊತ್ತಿದ್ದ ವಿದ್ಯೆ ಬಳಸಿದ.

ಸೋಮವಾರ ಬಾಟಲಿ ತಂದುಕೊಟ್ಟ. “ಫ್ರಿಜ್‌ನಲ್ಲಿಟ್ಟಿದ್ದೆ ಕಣಕ್ಕ. ಒಂದು ಹನಿನೂ ಕೆಟ್ಟಿಲ್ಲ.”

ತಣ್ಣನೆಯ ಬಾಟಲಿ ಮುಟ್ಟಿದೊಡನೆ ಅಕ್ಕನಿಗೆ ಆದ ಅನಾಹುತ ತಿಳಿಯಿತು. ಚಳಿಗೆ ಒಳಗಿನ ರೋಗಾಣು ಬೆಳೆಯದೆ ಮುದುಡಿರುತ್ತದೆ, ಕೆಲವು ಸತ್ತೂ ಹೋಗುತ್ತವೆ. ಯಂತ್ರಕ್ಕೇರಿಸಿ ಕಾದಳು. ಅದು ಕೂಗಿದ್ದು ಮರುದಿನ. ಬಾಣಂತಿಗೆ ಏರಿಸುತ್ತಿದ್ದ ಔಷಧಿ ಆ ರೋಗಾಣುವಿಗೆ ನಾಟುವಂಥದ್ದೇ ಅಲ್ಲ ಎಂದು ತಿಳಿದು ಡಾಕ್ಟರು ಬದಲಿಸುವಷ್ಟರಲ್ಲಿ ಅವಳು ಕಣ್ಣು ಮುಚ್ಚಿದ್ದಳು.

“ಬಾಟ್ಲಿಯಿಂದ ಏನೂ ತೊಂದ್ರೆ ಆಗ್ಲಿಲ್ಲ ತಾನೆ?” ತಮ್ಮ ಕೇಳಿದ. ತೋಳಲ್ಲಿ ಹಸುಗೂಸು.

“ಇಲ್ಲ ಕಣೋ,” ಅಂದಳು, ಸುಳ್ಳೇ ಆಡದ ಬಾಯಿಯವಳು.

ಕೆಲವು ದಿನ ಕಳೆದು, ಪಕ್ಕದ ಮನೆಯವನ ತಾಯಿ ಜ್ವರದಿಂದ ಆಸ್ಪತ್ರೆ ಸೇರಿದಳು. ತಮ್ಮ ಬೀದಿಯಲ್ಲಿ ನಿಂತು ಅವನಿಗೆ ಬುದ್ಧಿ ಹೇಳುತ್ತಿದ್ದ: “ಲ್ಯಾಬ್ ಮುಚ್ಚಿದ್ರೆ ಹೆದರಬೇಡಣ್ಣ, ಬಾಟ್ಲಿನ ಫ್ರಿಜ್‌ನಲ್ಲಿಡು. ನಾನೂ ಹಂಗೇ ಮಾಡಿದ್ದು. ಬೇಕಾದ್ರೆ ನಮ್ಮಕ್ಕನ್ನ ಕೇಳು.”

ಕೂಸು ನೋಡಿಕೊಳ್ಳಲು ತಮ್ಮನ ಮನೆಗೆ ಬಂದು, ಪಾತ್ರೆ ತೊಳೆಯುತ್ತಿದ್ದ ಅಕ್ಕ ಒದ್ದೆ ಕೈಯಲ್ಲೇ ಬೀದಿಗೆ ಬಂದಳು. “ಇಡಬೇಡಪ್ಪ, ಹೊರಗೇ ಇಟ್ಟು ನನ್ನ ಕರಿ. ತಣ್ಣಗಾದ್ರೆ ರೋಗಾಣು ಸಿಗೋದು ತಡ ಆಗುತ್ತೆ. ಇವನ ಹೆಂಡ್ತಿಗೆ ಆಗಿದ್ದೂ ಅದೇ,” ಅಂದಳು. ತಮ್ಮನ ಕಡೆ ನೋಡಲಿಲ್ಲ.

ಪಕ್ಕದ ಮನೆಯವನು ತಾಯಿಯ ಬಾಟಲಿ ಎಲ್ಲಿದೆಯೆಂದು ನೋಡಲು ಆಸ್ಪತ್ರೆಯತ್ತ ಓಡಿದ. ತಮ್ಮ ಬೀದಿಯಲ್ಲೇ ಕುಕ್ಕರುಗಾಲಲ್ಲಿ ಕುಸಿದ. ಒಳಗೆ ಕೂಸು ಅಳುತ್ತಿತ್ತು; ಇಬ್ಬರೂ ಒಳಗೆ ಹೋಗಲಿಲ್ಲ.